ಬೆಸುಗೆ ಹಿಡಿಯದ ಬುಶ್

ಮದ್ದೂರಿನ ಹಳೇ ರಸ್ತೆಯಲ್ಲಿ ನನ್ನದೊಂದು ಆಟೋ ಸ್ಪೇರ್ಸ್ ಅಂಗಡಿ ಇದೆ. ಎಡಕ್ಕೆ ಲೋಹ ಕಡೆಯುವ ಅಕೀಲನ ಲೇತ್, ಬಲಕ್ಕೆ ಅವನ ತಮ್ಮ ಶಾಕಿರನ ವೆಲ್ಡಿಂಗ್. ಒಂದು ಕಾಲಕ್ಕೆ ಮೂರೂ ಮಳಿಗೆ ಸೇರಿ ಅವರ ಅಪ್ಪ ಬಾಬು ಜಾನ್ ಅವರ ಒಂದೇ ವರ್ಕ್‌ಶಾಪ್ ಆಗಿತ್ತು. ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಕಿತ್ತಾಡಿಕೊಂಡರು. ನಡುವಿನ ಮಳಿಗೆ ನಿನಗೂ ಬೇಡ ನನಗೂ ಬೇಡ ಎಂದು ಬಿಟ್ಟರು. ಅದನ್ನು ನಾನು ಬಾಡಿಗೆಗೆ ಹಿಡಿದೆ. ಒಳ್ಳೇ ಜಾಗ ಸಿಕ್ಕಿತು ಎಂದುಕೊಂಡಿದ್ದೆ. ಜಾಗದ ಜೊತೆಗೆ ಅಂಚೆಯವನ ಕೆಲಸವೂ ಗಂಟುಬೀಳುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಜಗಳದ ಕಾರಣ ಕೇಳಿದರೆ ನಗು ಬರುತ್ತದೆ. ಯಾರೋ ಗಿರಾಕಿಯ ಎದುರಿಗೆ ಶಾಕಿರ್, ಅಣ್ಣ ಕೊಯ್ದ ಬೋಲ್ಟಿನ ಥ್ರೆಡ್ಡು ಸರಿಯಿಲ್ಲ ಅಂದ. ಅಕೀಲ್, ನಿನ್ನ ವೆಲ್ಡಿಂಗು ಕೋಳಿ ಹಿಕ್ಕೆ ಇದ್ದ ಹಾಗಿದೆ ಅಂದ. ಅಲ್ಲಿಗೆ ಮಾತು ನಿಂತಿತು. ಅವರ ತಾಯಿ ಮಹಬೂಬ್ ಬೀ ಇಬ್ಬರಿಗೂ ಬೈದು ಬೈದು ಸುಸ್ತಾಗಿ ಕೈಬಿಟ್ಟರು.

ಆದರೆ ಲೇತಿಲ್ಲದೆ ವೆಲ್ಡಿಂಗಿನವನಿಗೆ ನಡೆಯುವುದಿಲ್ಲ, ವೆಲ್ಡಿಂಗಿಲ್ಲದೆ ಲೇತಿನವನಿಗೂ ನಡೆಯುವುದಿಲ್ಲ. ಹಾಗಾಗಿ ಇಬ್ಬರೂ ನನ್ನ ಅಂಗಡಿಯ ಮುಂದೆ ನಿಂತು, “ಸಾಮಿ, ಅವ್ರಿಗೆ ಏಳಿ” ಎಂದು ಶುರುಮಾಡುತ್ತಾರೆ. ಆ ‘ಅವ್ರು’ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾರೆ. ಆದರೂ ನಾನು ಇನ್ನೊಮ್ಮೆ ಹೇಳಬೇಕು. ಹೇಳುವವರೆಗೆ ಕೇಳಿಸಿಲ್ಲ ಎಂದೇ ಲೆಕ್ಕ. ದೇವಸ್ಥಾನದ ಪೂಜೆ ಬಿಟ್ಟು ಅಂಗಡಿ ಇಟ್ಟವನಿಗೆ ಇಲ್ಲೂ ಮಧ್ಯಸ್ಥಿಕೆ ತಪ್ಪಲಿಲ್ಲ.

ಹೀಗಿರುವಾಗ ಬೆಳಕವಾಡಿಯ ಚೌಡಯ್ಯ ಎಂಜಿನ್ನಿನ ಅಡಿಗೆ ಕೂರುವ ಆಯಿಲ್ ಚೇಂಬರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಅವನದು ಬಾಡಿಗೆ ಜೀಪು. ಬೆಳಕವಾಡಿ, ಮಳವಳ್ಳಿ, ಶಿವನಸಮುದ್ರ ಎಂದು ಜನರನ್ನು ಹೊತ್ತು ತಿರುಗುತ್ತದೆ. ಜೀಪಿನೊಳಗಿದ್ದದ್ದು ಯಾವುದೋ ಹಳೇ ಕಾರಿನ ಎಂಜಿನ್ನು. ಜನ ತುಂಬಿದರೆ ದಿಬ್ಬ ಹತ್ತುವುದಿಲ್ಲವೆಂದು ಮಂಡ್ಯದ ಮೆಕ್ಯಾನಿಕ್ ಒಬ್ಬ ಅದಕ್ಕೆ ಟರ್ಬೊ ಕೂರಿಸುತ್ತಿದ್ದ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಊದಿ ಬಲ ಕೊಡುವ, ಬಿಸಿಯಲ್ಲಿ ಗಿರ್ರನೆ ತಿರುಗುವ ಸಾಮಾನು, ಅದಕ್ಕೆ ಸದಾ ಆಯಿಲ್ ಬೇಕು. ಕೆಲಸ ಮುಗಿಸಿದ ಆಯಿಲ್ ತಾನಾಗಿಯೇ ಇಳಿದು ಕೆಳಗಿನ ಚೇಂಬರಿಗೆ ಬೀಳಬೇಕು. ಅದಕ್ಕಾಗಿ ಚೇಂಬರಿನ ಪಕ್ಕೆಯಲ್ಲಿ, ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆ ತೂತು ಕೊರೆದು, ಪೈಪು ಸಿಕ್ಕಿಸಲು ಬುಶ್ ಎಂಬ ಗಿಡ್ಡ ಕೊಳವೆ ಬೆಸೆಯಬೇಕು. ಮಟ್ಟಕ್ಕಿಂತ ಕೆಳಗೆ ಬೆಸೆದರೆ, ತುಂಬಿದ ಗದ್ದೆಗೆ ತೂಬು ಬಿಟ್ಟ ಹಾಗೆ, ಆಯಿಲ್ ಇಳಿಯದೆ ಹಿಂದಕ್ಕೆ ಒತ್ತುತ್ತದೆ.

ಚೇಂಬರು ಅಲ್ಯೂಮಿನಿಯಮ್ಮಿನದು. ಅದಕ್ಕೆ ಆರ್ಗಾನ್ ವೆಲ್ಡಿಂಗೇ ಆಗಬೇಕು. ಅದರಲ್ಲಿ ಈ ಸುತ್ತಮುತ್ತ ಶಾಕಿರನ ಹೆಸರು ದೊಡ್ಡದು.

“ನೋಡ್ಕೊಂಡ್ ಮಾಡು ಕಣ್ಲಾ ಶಾಕಿರ. ಇರೋದು ಇದೊಂದೆಯ. ಗುಜರಿ ಎಲ್ಲಾ ತಡಕಾಡ್ದೆ, ಇನ್ನೊಂದ್ ಸಿಗಾಕಿಲ್ಲ. ಇದ್ ಓದ್ರೆ ಜೀಪೂ ಓಯ್ತು, ನಾನೂ ಓದೆ” ಅಂದ ಚೌಡಯ್ಯ.

ಶಾಕಿರ್ ನನ್ನ ಕಡೆ ತಿರುಗಿ, “ಸಾಮಿ, ಅವ್ರಿಗೆ ಏಳಿ. ಎಬ್ಬೆಟ್ಟು ಓಗೋವಷ್ಟು ಒಳತೂತಿನ್ ಬುಶ್ಶು, ಅಲ್ಯೂಮಿನಿಯಂದು” ಅಂದ. ನಾನು ಹೇಳಿದೆ. ಅಕೀಲ್ ತಲೆಯಾಡಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬುಶ್ ಬಂತು. ಅಂಥ ನುಣುಪು ನಾನು ನೋಡಿರಲಿಲ್ಲ, ಅದರ ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು.

ಶಾಕಿರ್ ಚೇಂಬರನ್ನು ತೊಳೆದು, ಬ್ರಶ್ಶಿನಿಂದ ಉಜ್ಜಿ, ಬೆಂಕಿ ಹಿಡಿದು ಕಾಯಿಸಿದ. ವರ್ಷಗಟ್ಟಲೆ ಕುಡಿದಿದ್ದ ಆಯಿಲನ್ನು ಅದು ಬೆವರಿನಂತೆ ಬಿಟ್ಟಿತು. ಒರೆಸಿದ, ಮತ್ತೆ ಕಾಯಿಸಿದ. ಆಮೇಲೆ ಬುಶ್ ಇಟ್ಟು ಬೆಸೆದ. ಬೆಸುಗೆ ನೋಡಲು ಜಡೆ ಹೆಣೆದಂತೆ ಅಚ್ಚುಕಟ್ಟಾಗಿತ್ತು. ಚೌಡಯ್ಯ ಕೈ ಚಾಚಿದ. ಶಾಕಿರ್ ಕೊಡಲಿಲ್ಲ.

ಬಾಬು ಜಾನ್ ಕಾಲದಿಂದಲೂ ಅಲ್ಲೊಂದು ಪದ್ಧತಿ ಇದೆ. ಬೆಸುಗೆಯ ಹೊರಗೆ ಸೀಮೆಸುಣ್ಣ ಬಳಿದು, ಒಳಗೆ ಡೀಸೆಲ್ ಸುರಿದು, ಒಂದು ಟೀ ಕುಡಿದು ಬರಬೇಕು. ಕಣ್ಣಿಗೆ ಕಾಣದ ಬಿರುಕು ಇದ್ದರೂ ಡೀಸೆಲ್ ಜಿನುಗಿ ಸುಣ್ಣ ಕಪ್ಪಾಗುತ್ತದೆ. ನಾವು ಟೀ ಕುಡಿದು ಬಂದೆವು. ಬುಶ್ಶಿನ ಸುತ್ತ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಎದ್ದಿತ್ತು.

ಶಾಕಿರ್ ಅದನ್ನು ಕೊಯ್ದು ತೆಗೆದ. ಇನ್ನೊಂದು ಬುಶ್ ಹೇಳಿಕಳಿಸಿದ. ಅದೂ ಅಷ್ಟೇ ನುಣುಪಾಗಿ ಬಂತು. ಈ ಸಲ ಟೀ ಕುಡಿಯುವಷ್ಟು ಕಾಯಬೇಕಾಗಲಿಲ್ಲ. ಬೆಸುಗೆ ಆರುವಾಗಲೇ ‘ಟಿಕ್’ ಎಂದು ಸದ್ದು ಬಂತು. ಅದು ನನ್ನ ಗಲ್ಲಾಪೆಟ್ಟಿಗೆಯ ತನಕ ಕೇಳಿಸಿತು.

ಎರಡು ಸಲ ಕೊಯ್ದು ತೆಗೆದ ಮೇಲೆ ತೂತು ಅಗಲವಾಗಿ ಸೊಟ್ಟಗಾಗಿತ್ತು. ಇನ್ನೊಂದು ಸಲ ಬಿರುಕು ಬಿಟ್ಟರೆ ಮತ್ತೆ ಕೊಯ್ಯಲು ಅಲ್ಲಿ ಲೋಹವೇ ಉಳಿಯುವುದಿಲ್ಲ. ಚೇಂಬರು ಗುಜರಿಗೇ. ಶಾಕಿರನ ಮುಖ ಕೆಂಪಾಯಿತು.

“ಅವ್ರಿಗೆ ಏಳಿ ಸಾಮಿ. ಗಿರಾಕಿ ಮುಂದೆ ನನ್ ಎಸ್ರು ಕೆಡುಸ್ಬೇಕು ಅಂತ್ಲೇ ಕೆಟ್ ಮಾಲು ಕೊಟ್ಟವ್ರೆ.”

ಎಡಗಡೆಯಿಂದ ಉತ್ತರ ಬಂತು. “ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಅಂಗಂತ ಏಳ್ಬುಡಿ ಸಾಮಿ.”

ಚೌಡಯ್ಯ ಗೋಣಿಚೀಲದ ಮೇಲೆ ಕುಕ್ಕರಿಸಿಬಿಟ್ಟ. “ನಿಮ್ ಅಣ್ತಮ್ಮಂದ್ರ ಜಗಳ್ದಲ್ಲಿ ನನ್ ಚೇಂಬರ್ ಓಯ್ತದಲ್ರಲಾ” ಅಂದ. ಅವನ ದನಿಯಲ್ಲಿ ಬೈಗುಳದ ಬಿಸಿಯೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ನಾನು ಹೇಳಲ್ಲ. ನಿಮ್ಮಿಬ್ಬರಿಗೂ ಬಾಯಿದೆ, ಕಿವಿಯಿದೆ. ಈ ಬಡಪಾಯಿಯ ಹೊಟ್ಟೆ ಮೇಲೆ ಹೊಡೆಯೋ ಮಾತು ನನ್ನ ಬಾಯಲ್ಲಿ ಬರಲ್ಲ. ಏನಿದ್ದರೂ ನೀವೇ ಮಾತಾಡ್ಕೊಳ್ಳಿ” ಎಂದು ಹೇಳಿ, ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತೆ. ಒಂದಕ್ಷರ ಓದಲಿಲ್ಲ, ಅಂಚಿನಿಂದ ಅವರನ್ನೇ ನೋಡುತ್ತಿದ್ದೆ.

ಶಾಕಿರ್ ಬಿರುಕು ಬಿಟ್ಟ ಬುಶ್ಶನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತಿದ್ದ. ಚೌಡಯ್ಯನ ಕಡೆ ನೋಡಿದ, ಚೇಂಬರಿನ ಕಡೆ ನೋಡಿದ. ಆಮೇಲೆ ನನ್ನ ಅಂಗಡಿಯ ಮುಂದಿನಿಂದಲೇ ಹಾದು ಎಡಕ್ಕೆ ಹೋದ. ಇಷ್ಟು ವರ್ಷ ನನ್ನ ಮೂಲಕ ಕನ್ನಡದಲ್ಲೇ ಜಗಳವಾಡಿದವನು ಮನೆಮಾತಿನಲ್ಲಿ ಕೇಳಿದ.

“ಭಾಯ್, ಯೇ ಕಾಯ್ಕಾ ಹೈ?”

ಅಣ್ಣ, ಇದು ಯಾತರದ್ದು ಎಂದು. ಅಷ್ಟು ಉರ್ದು ನನಗೂ ಬರುತ್ತದೆ.

ಲೇತ್ ನಿಂತಿತು. ಅಕೀಲ್ ತಗ್ಗಿದ ದನಿಯಲ್ಲಿ ಹೇಳಿದ್ದಿಷ್ಟು. ಅದು ಅಪ್ಪ ಎತ್ತಿಟ್ಟಿದ್ದ ಸಲಾಕೆಯದು. ವಿಮಾನದ ಸ್ಕ್ರಾಪಿನಲ್ಲಿ ಬಂದದ್ದೆಂದು ಅವರು ಬಟ್ಟೆ ಸುತ್ತಿ ಇಟ್ಟಿದ್ದರಲ್ಲ, ಅದೇ. ಯಾರ ಕೆಲಸಕ್ಕೂ ಅದನ್ನು ಮುಟ್ಟಿರಲಿಲ್ಲ. ಇದು ನಿನ್ನ ಕೈಗೆ ಹೋಗುವುದು, ಇದರಲ್ಲಿ ನೀನು ತಪ್ಪು ಹುಡುಕಬಾರದು ಎಂದು ಅದನ್ನೇ ಕೊಯ್ದೆ.

ನಾನು ಪೇಪರು ಮಡಿಸಿಟ್ಟೆ.

ಶಾಕಿರ್ ಬುಶ್ಶನ್ನು ಲೇತಿನ ಮೇಲಿಟ್ಟ. ಆಮೇಲೆ ಚೌಡಯ್ಯನಿಗೂ ತಿಳಿಯುವಂತೆ ಅಣ್ಣನಿಗೆ ವಿವರಿಸಿದ. ಆ ಜಾತಿಯ ಅಲ್ಯೂಮಿನಿಯಮ್ಮು ಲೇತಿಗೆ ಬೆಣ್ಣೆ, ಬೆಂಕಿಗೆ ಆಗದು. ಎಷ್ಟು ಚೆನ್ನಾಗಿ ಬೆಸೆದರೂ ಆರುವಾಗ ಸೀಳುತ್ತದೆ. ಬೇಕಾದದ್ದು ಬಾಗಿಲಿಗೆ ಕಿಟಕಿಗೆ ಹಾಕುವ ಮೆದು ಮಾಲು. ತಾನು ಒಂದು ಮಾತು ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

“ಅದ್ನ ಬೆಳಗ್ಗೇನೆ ಕೇಳಾಕೇನಾಗಿತ್ಲಾ ನಿಂಗೆ, ರೋಗ?” ಎಂದು ಚೌಡಯ್ಯ ಎದ್ದು ನಿಂತ. ಈಗ ಬೈಗುಳಕ್ಕೆ ಬಿಸಿ ಬಂದಿತ್ತು.

ಅಕೀಲ್ ಮೆದು ಸಲಾಕೆಯಲ್ಲಿ ಹೊಸ ಬುಶ್ ಕೊಯ್ದ. ಅದು ಮಿಂಚುತ್ತಿರಲಿಲ್ಲ. ಬೆಸೆದಾದ ಮೇಲೆ ಸುಣ್ಣ ಬಳಿದು, ಡೀಸೆಲ್ ಸುರಿದು, ಟೀ ಕುಡಿದು ಬಂದರೂ ಸುಣ್ಣ ಬೆಳ್ಳಗೇ ಇತ್ತು. ಚೌಡಯ್ಯ ಚೇಂಬರನ್ನು ಕೂಸಿನಂತೆ ಎತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಬೆಸೆಯುವ ಹೊತ್ತಿನದು.

ತೂತು ಸೊಟ್ಟಗಾಗಿದ್ದರಿಂದ ಬುಶ್ ತಾನಾಗಿ ನಿಲ್ಲುತ್ತಿರಲಿಲ್ಲ. ಯಾರಾದರೂ ಇಕ್ಕಳದಲ್ಲಿ ನೆಟ್ಟಗೆ ಹಿಡಿಯಬೇಕಿತ್ತು. ಅಕೀಲ್ ತಾನೇ ಹೋಗಿ ಎದುರಿಗೆ ಕೂತು ಹಿಡಿದ. ಮುಖಕ್ಕೆ ಹಾಕುವ ಗಾಜಿನ ಮುಖವಾಡ ಇದ್ದದ್ದು ಒಂದೇ.

“ಕಣ್ ಮುಚ್ಕೊ” ಅಂದ ಶಾಕಿರ್.

ಅಕೀಲ್ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿದ. ಅಪ್ಪ ಬೆಸೆಯುವಾಗ ಹೀಗೇ ಹಿಡಿದು ಅಭ್ಯಾಸವಿದ್ದ ಕೈ, ಅಲುಗಲಿಲ್ಲ. ನೀಲಿ ಬೆಳಕು ಗೋಡೆಯ ಮೇಲೆಲ್ಲ ಕುಣಿಯಿತು, ನಾನೂ ಆ ಕಡೆಯಿಂದ ಮುಖ ತಿರುಗಿಸಿದೆ. ಶಾಕಿರ್ ಸುತ್ತಲೂ ನಾಲ್ಕು ಕಡೆ ಬೆಸುಗೆಯ ಚುಕ್ಕಿ ಹಾಕಿ ಬುಶ್ಶನ್ನು ಕೂರಿಸಿದ, ಮುಖವಾಡ ಎತ್ತಿ ನೋಡಿದ. ನಾಲ್ಕು ಚುಕ್ಕಿ ಬಿದ್ದ ಮೇಲೆ ಬುಶ್ ತಾನೇ ನಿಲ್ಲುತ್ತದೆ, ಯಾರೂ ಹಿಡಿಯಬೇಕಾಗಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನನಗೇ ತಿಳಿದಿರುವ ಸಂಗತಿ ಇದು. ಅವರಿಬ್ಬರಿಗೆ ತಿಳಿಯದ್ದೇನಲ್ಲ.

ಶಾಕಿರ್, ಕಣ್ಣು ಮುಚ್ಚಿದ ಅಣ್ಣನ ಮುಖವನ್ನು, ಗಡ್ಡದಲ್ಲಿ ಬಂದಿದ್ದ ಬಿಳಿಯನ್ನು ನೋಡಿದ. ಬಿಡು ಅನ್ನಲಿಲ್ಲ. ಮುಖವಾಡ ಇಳಿಸಿಕೊಂಡು ಬೆಸೆಯುವುದನ್ನು ಮುಂದುವರಿಸಿದ. ಅಕೀಲನೂ ಬಿಡಲಾ ಎಂದು ಕೇಳಲಿಲ್ಲ. ಬೆಸುಗೆ ಸುತ್ತು ಬಂದು ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡು ಹಿಡಿದೇ ಇದ್ದ.