ಗುಡ್ಡದ ಮೇಲೆ ಹೇಳದೆ ಉಳಿದದ್ದು

ಸಾವಿನ ಸುದ್ದಿಯನ್ನು ದಾರಿಯಲ್ಲಿ ಹೇಳಬಾರದು, ಅದರಲ್ಲೂ ಹೆತ್ತವಳಿಗೆ ಬಯಲಲ್ಲಿ ಹೇಳಲೇಬಾರದು. ಯಾವ ಪುಣ್ಯಾತ್ಮ ಈ ಕಟ್ಟಳೆ ಮಾಡಿದನೋ, ಅವನು ವೈಶಾಖದ ಬಿಸಿಲಲ್ಲಿ ಆ ಗುಡ್ಡ ಹತ್ತಿದವನಂತೂ ಅಲ್ಲ. ರಾಮಾಂಜಿನಪ್ಪ ಹತ್ತುತ್ತಿದ್ದ. ಹಿಂದೆ ಅವನ ಅತ್ತಿಗೆಯ ತಾಯಿ ಕದಿರಮ್ಮ ಬರುತ್ತಿದ್ದಳು. ಅತ್ತಿಗೆ ಶಾಂತಕುಮಾರಿ ಅವತ್ತು ಬೆಳಗ್ಗೆಯೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗುವೂ ಉಳಿದಿರಲಿಲ್ಲ.

"ನೋವು ಶುರುವಾಗಿದೆ, ಬರಬೇಕಂತೆ ಅಂತಷ್ಟೇ ಹೇಳು" ಎಂದು ದೊಡ್ಡಪ್ಪ ಹನುಮಂತರಾಯಪ್ಪ ತಾಕೀತು ಮಾಡಿ ಅವನನ್ನು ಕದಿರಮ್ಮನ ಊರು ತೊಂಡೇಬಾವಿ ಕಡೆಗೆ ಅಟ್ಟಿದ್ದ. "ಗುಡ್ಡದ ಮೇಲೆ ಆಯಮ್ಮ ಎದೆ ಒಡ್ಕೊಂಡು ಬಿದ್ರೆ ಒಬ್ಬನೇ ಏನ್ ಮಾಡ್ತೀಯ? ಊರಿಗೆ ಬಂದ್ಮೇಲೆ ಹೆಂಗಸರು ನೋಡ್ಕೋತಾರೆ. ಹೊತ್ತಿಳಿಯೋದ್ರೊಳಗೆ ಕರ್ಕೊಂಡ್ ಬಾ. ಬಾಣಂತಿ ಹೆಣ, ಆಮೇಲೆ ಇಡೋಕಾಗಲ್ಲ."

ಬಸ್ಸಿಗೆ ಕಾದರೆ ತಮ್ಮೂರು ಮಂಚೇನಹಳ್ಳಿ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅದಕ್ಕೇ ಗುಡ್ಡದ ದಾರಿ. ಮೇಲೆ ಒಂದು ಮರವಿಲ್ಲ. ಕಣ್ಣು ಹಾಯುವವರೆಗೂ ಒಣಹುಲ್ಲು, ಬಂಡೆ, ಅಲ್ಲಲ್ಲಿ ಕವಳೆ ಪೊದೆ. ಕದಿರಮ್ಮನ ಕಾಲು ನಿಧಾನ, ಬಾಯಿ ಚುರುಕು. ಖುಷಿಯಲ್ಲಿದ್ದಳು ಪಾಪ.

"ಮೊದಲ್ನೇದು ಹೆಣ್ಣಾಯ್ತು, ಈ ಸಲ ಗಂಡೇ ಕಣಪ್ಪ. ನನ್ನ ಮಗಳು ಬೇಗ ಹೆರೋ ಜೀವ ಅಲ್ಲ, ನಾಳೆವರ್ಗೂ ನೋವು ತಿಂತಾಳೆ. ನೀನ್ಯಾಕೆ ಹಿಂಗೆ ಎದ್ದೂ ಬಿದ್ದೂ ಓಡ್ತೀಯ? ಹೆರ್ತಿರೋಳು ನಿನ್ನ ಹೆಂಡ್ತಿಯಲ್ಲವಲ್ಲ!" ಎಂದು ನಕ್ಕಳು.

ರಾಮಾಂಜಿನಪ್ಪ ನಗಲು ನೋಡಿದ, ಆಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವನ ಊಟದ ತಟ್ಟೆಗೆ ಮರೆಯದೆ ಕೆನೆಮೊಸರು ಹಾಕುತ್ತಿದ್ದವಳು ಅತ್ತಿಗೆ. ಬೆಳಗಿನಿಂದ ಅವನಿಗೆ ಅಳುವುದಕ್ಕೂ ಬಿಡುವು ಸಿಕ್ಕಿರಲಿಲ್ಲ.

ಒಂದು ಪೊದೆಯ ತುಂಬ ಕವಳೆ ಹಣ್ಣಾಗಿತ್ತು. ಕದಿರಮ್ಮ ಅಲ್ಲೇ ನಿಂತು ಮಡಿಲು ಕಟ್ಟಿದಳು.

"ಅತ್ತೆ, ಹೊತ್ತಾಗುತ್ತೆ."

"ಇರಪ್ಪ. ಕವಳೆ ಹಣ್ಣು ಬೇಕು ಅಂತ ಹೇಳಿ ಕಳ್ಸಿದ್ಲು. ಬಯಕೆ ತೀರ್ದಿದ್ರೆ ಮಗೂಗೆ ಕಿವಿ ಸೋರುತ್ತೆ."

ಮುಳ್ಳು ತಪ್ಪಿಸಿ, ಆರಿಸಿ ಆರಿಸಿ, ಒಳ್ಳೆಯ ಹಣ್ಣನ್ನೇ ಕಿತ್ತಳು. ಸೂರ್ಯ ಪಡುವಣಕ್ಕೆ ವಾಲುತ್ತಿದ್ದ. ಹೇಳಿಬಿಡಲೇ? ಹೇಳಿದರೆ ಇಲ್ಲೇ ಕುಸಿಯುತ್ತಾಳೆ. ಹೇಳದಿದ್ದರೆ ಹೀಗೇ ಹಣ್ಣು ಕೀಳುತ್ತಾಳೆ. "ಅತ್ತೆ..." ಎಂದ. ಅವಳು ತಿರುಗಿ, ಒಂದು ಹಣ್ಣನ್ನು ಅವನ ಅಂಗೈಗಿಟ್ಟು, "ನೀನೂ ತಿನ್ನು, ಮುಖ ಬಾಡಿದೆ" ಎಂದಳು. ಅವನು ಹಣ್ಣನ್ನು ಬಾಯಿಗೆ ಹಾಕಿಕೊಂಡ. ಮುಂದೆ ಬಂಡೆಯ ನೆರಳಲ್ಲಿ ಅವಳು ಕಾಲು ಚಾಚಿ ಕೂತಾಗ, "ಎತ್ಕೊಂಡು ಹೋಗ್ಲಾ ಅತ್ತೆ?" ಎಂದು ಅಂಗಲಾಚಿದ. ಅದಕ್ಕೂ ಅವಳು ನಕ್ಕಳು.

ಗುಡ್ಡ ಇಳಿದಾಗ ಹೊತ್ತು ಮುಳುಗಿತ್ತು. ಊರ ಹೊರಗಿನ ಹೊಲದಿಂದ ಗಂಡಸರು ಗುದ್ದಲಿ ಹೊತ್ತು ವಾಪಸು ಬರುತ್ತಿದ್ದರು. ನಡುವೆ ಅವಳ ಅಳಿಯ, ಮೈಯೆಲ್ಲ ಮಣ್ಣು. ಅತ್ತೆಯನ್ನು ಕಂಡು ಅವನು ಅಲ್ಲೇ ಕೂತುಬಿಟ್ಟ. ಹನುಮಂತರಾಯಪ್ಪ ಮುಂದೆ ಬಂದು, "ಕಾದ್ವಮ್ಮ, ಬಹಳ ಕಾದ್ವಿ. ತಾಯೀನೂ ಮಗೂನೂ ಇಬ್ರೂ..." ಎಂದು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

ಕದಿರಮ್ಮ ಎದೆ ಒಡೆದುಕೊಳ್ಳಲಿಲ್ಲ, ಬೀಳಲೂ ಇಲ್ಲ. ರಾಮಾಂಜಿನಪ್ಪನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತೇನಪ್ಪ?"

ಅವನು ಹೌದೆಂದು ತಲೆಯಾಡಿಸಿದ.

"ಹೇಳಿದ್ದಿದ್ರೆ ಓಡಿ ಬರ್ತಿದ್ನಲ್ಲೋ ನಮ್ಮಪ್ಪ. ಮುಖನಾದ್ರೂ ನೋಡ್ತಿದ್ದೆ."

ಯಾರೋ ಹಿಡಿದುಕೊಳ್ಳಲು ಬಂದರು. ಅವಳು ಕೊಸರಿಕೊಂಡು, ಅವರು ಬಂದಿದ್ದ ಹೊಲದ ಕಡೆಗೆ ಓಡಿದಳು. ರಾಮಾಂಜಿನಪ್ಪನೂ ಹಿಂದೆ ಓಡಿದ. ಎಷ್ಟು ಓಡಿದರೂ ಅವಳನ್ನು ಮುಟ್ಟಲು ಅವನಿಂದಾಗಲಿಲ್ಲ.