ಗುಡ್ಡದ ಉಡಿ

ಮೂರೂರ ನಡುವೆ ಒಬ್ಬಳು ಗುಡ್ಡ ಇದ್ದಳಂತೆ. ಅವಳು ಮುಗಿಲ ಮನೆಯ ಮಗಳು. ಗಂಡನ ಮನೆಗೆ ಕಳಿಸುವ ಗಡಿಬಿಡಿಯಲ್ಲಿ ತವರಿನವರು ಉಡಿ ತುಂಬುವುದನ್ನೇ ಮರೆತರಂತೆ. ಅಂದಿನಿಂದ ಅವಳ ಮೈಮೇಲೆ ಹುಲ್ಲು ನಿಲ್ಲಲಿಲ್ಲ. ಅವಳ ತಮ್ಮ ತೋಳ ದಿನಾ ಸಂಜೆ ನೆತ್ತಿಗೆ ಹತ್ತಿ, "ನಮ್ಮಕ್ಕನ ಉಡಿ ತುಂಬೋರು ಯಾರರ ಅದೀರೇನು?" ಎಂದು ಕೂಗುತ್ತಾನೆ. ಉಡಿ ತುಂಬಿದ ದಿನ ಸುಮ್ಮನಾಗುತ್ತಾನೆ.

ಇದು ನನ್ನ ಅಜ್ಜಿ ವೀರವ್ವಾಯಿಯ ಕತೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹೇಳುತ್ತಿದ್ದಳು. ಗಜೇಂದ್ರಗಡದ ನಮ್ಮ ಓಣಿಗೆ ತೋಳದ ಕೂಗು ಖರೇನೇ ಕೇಳುತ್ತಿತ್ತು. "ನಾ ತುಂಬ್ತೀನಿ ಬಿಡ ಆಯಿ," ಎಂದು ಏಳು ವರ್ಷದ ನಾನು ಮಾತು ಕೊಟ್ಟಿದ್ದೆ.

ನಾನು ಬೆಳೆದು ದೊಡ್ಡವಳಾದ ಮೇಲೆ ರೋಣ, ನರಗುಂದ, ಗಜೇಂದ್ರಗಡದವರು ಸೇರಿ ಒಂದು ಕೂಟ ಕಟ್ಟಿದರು. ಕಲ್ಲು ಅಗೆದು ಬೋಳಾದ ಗುಡ್ಡಕ್ಕೆ ಮತ್ತೆ ಹುಲ್ಲು ತರಬೇಕು, ಅಲ್ಲಿ ಉಳಿದಿದ್ದ ಒಂದೇ ಜೋಡಿ ತೋಳಗಳನ್ನು ಉಳಿಸಬೇಕು. ನರಗುಂದದ ಶ್ರೀಧರ ಸರ್ ಅಧ್ಯಕ್ಷರು, ನಾನು ಕಾರ್ಯದರ್ಶಿ. ಹುಲ್ಲು ಬರುವತನಕ ಗುಡ್ಡಕ್ಕೆ ಕುರಿ ಬಿಡಬಾರದೆಂದು ಮೊದಲ ಸಭೆಯಲ್ಲೇ ಠರಾವಾಯಿತು.

ಪುರ್ತಗೇರಿಯ ಕುರಿಗಾರ ಅಮೋಘಸಿದ್ದ ಎದ್ದು ನಿಂತ. "ಸರ, ನಮ್ಮ ಹಿಂಡಿನ್ಯಾಗ ತ್ವಾಳಕ್ಕ ಒಂದು ಪಾಲು ಇರ್ತೈತ್ರಿ. ಕುಂಟಂದೋ ಜಡ್ಡಿಂದೋ ಒಂದು ಮರಿ ಒಯ್ತೈತಿ, ನಾವು ಬೆನ್ನ ಹತ್ತಂಗಿಲ್ಲ. ಪಾಲು ಕೊಡಾವನ್ನ ಹೊರಗ ಹಾಕಿ ಉಣ್ಣಾವನ್ನ ಹ್ಯಾಂಗ ಉಳಸ್ತೀರಿ?"

"ಕುರಿ ಮೇಯ್ಸಾಕ ತೋಳದ ವಕೀಲ ಆದ್ಯಲ್ಲೋ ಸಿದ್ದಾ, ಭಾಳ ಶ್ಯಾಣ್ಯಾ ಅದಿ!" ಎಂದರು ಶ್ರೀಧರ ಸರ್.

ಎಲ್ಲರೂ ನಕ್ಕರು. ನಾನೂ ನಕ್ಕೆ. 'ಕುರಿಗಳಿಗೆ ಪ್ರವೇಶವಿಲ್ಲ' ಎಂಬ ಫಲಕವನ್ನು ನಾನೇ ಬರೆದೆ. ಸುತ್ತಲೂ ಸೀರೆಯ ದಡಿಯ ಚಿತ್ತಾರ ಬೇರೆ ಬಿಡಿಸಿದೆ.

ಹಿಂಡುಗಳು ಹೋದವು. ಆ ಚಳಿಗಾಲವೆಲ್ಲ ರೋಣದ ಸಾಬೀರಾ ಮತ್ತು ನಾನು ಜಕ್ಕಲಿಯ ಹೊಲದ ಬದುಗಳಲ್ಲಿ ಹುಲ್ಲಿನ ಬೀಜ ಉದುರಿಸಿ ಚೀಲ ತುಂಬಿದೆವು. ಹಸಿದ ತೋಳಗಳು ಊರಿಗಿಳಿದದ್ದೂ ಅದೇ ಚಳಿಗಾಲದಲ್ಲಿ. ಹಿತ್ತಲಿನ ಎರಡು ಆಡು ಹೋದವು. ಮೂರನೆಯದರ ಮಾಂಸಕ್ಕೆ ಯಾರೋ ವಿಷ ಸವರಿಟ್ಟರು. ಒಂದೇ ಬೆಳಿಗ್ಗೆ ಎರಡೂ ತೋಳ ಹಳ್ಳದಲ್ಲಿ ಸತ್ತುಬಿದ್ದಿದ್ದವು. ಹೆಣ್ಣು ತೋಳದ ಬಾಯಲ್ಲಿ ಮಣ್ಣಿತ್ತು.

ಕೂಟದ ಮುಂದಿನ ಸಭೆಗೆ ಸಾಬೀರಾ ಮತ್ತು ನಾನು, ಇಬ್ಬರೇ. ಶ್ರೀಧರ ಸರ್ ಫೋನ್ ಎತ್ತಲಿಲ್ಲ. ಬೀಜದ ಚೀಲಗಳು ನಮ್ಮ ಮಗ್ಗದ ಪಕ್ಕದಲ್ಲೇ ಉಳಿದವು.

ಮೊದಲ ಮಳೆ ಬಿದ್ದ ಮರುದಿನ, ಕಣ್ಣು ಪೂರ್ತಿ ಮಂಜಾದ ಆಯಿ ನನ್ನ ಕೈ ಹಿಡಿದಳು. "ಭಾಳ ದಿನ ಆತು, ಕೂಗು ಕೇಳವಲ್ದು. ಉಡಿ ತುಂಬಿದೇನ, ನನ್ನವ್ವಾ?"

ಅವಳ ಮುಖ ಅರಳಿತ್ತು.

"ತುಂಬೀನಿ ಆಯಿ," ಎಂದುಬಿಟ್ಟೆ.

ಹೇಳಿದ ಮೇಲೆ ಮಾಡದೆ ಗತಿಯಿರಲಿಲ್ಲ. ಆಯಿಯ ಹಳೆಯ ಸೀರೆ ಉಟ್ಟು, ಬೀಜದ ಚೀಲ ಹೊತ್ತು, ಸಾಬೀರಾಳನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಅಮೋಘಸಿದ್ದ ಕುರಿ ಹೊಡೆದುಕೊಂಡು ಹೊರಟವನು ಫಲಕದ ಆಚೆಗೇ ನಿಂತ.

"ಒಳಗ ಬರ್ರಿ ಕಾಕಾ."

"ಬರಬ್ಯಾಡ್ರಿ ಅಂತ ನೀನ ಬರ್ದೀಯಲ್ಲವ್ವಾ, ಹೂವು-ಬಳ್ಳಿ ಹಾಕಿ."

"ನನ್ನ ಬೈದರ ಬೈರಿ."

"ಬೈದರ ಅವು ತಿರುಗಿ ಬರ್ತಾವೇನು?" ಎಂದು ಕೋಲೂರಿ ಕೂತ.

ಮೂರು ದಿನ ಬಿತ್ತಿದೆವು. ಮೂರನೆಯ ಸಂಜೆ ಉಳಿದದ್ದು ತೋಳದ ಗವಿಯ ಮುಂದಿನ ಒಂದು ತುಂಡು ನೆಲ. ಒಳಗೆ ಹಳೆಯ ಎಲುಬು, ಒಂದಿಷ್ಟು ಕೂದಲು. ಉಡಿಯಲ್ಲಿ ಉಳಿದಿದ್ದ ಬೀಜವನ್ನು ಉಡಿ ತುಂಬುವ ಲೆಕ್ಕದಂತೆ ಐದು ಹಿಡಿ ಮಾಡಿ ಚೆಲ್ಲಿದೆ. ಸಾಬೀರಾ ಅಂಗೈಯಿಂದ ಮಣ್ಣು ಎಳೆದಳು.

ನೆತ್ತಿಯ ಕಡೆ ನೋಡಿದೆ. ಗಾಳಿಯಷ್ಟೇ.

ಸೆರಗು ಝಾಡಿಸಿದೆ. ಒಂದು ಬೀಜವೂ ಉಳಿದಿರಲಿಲ್ಲ.