ಬುಡಕ್ಕೆ ಒಂದು ಗೇಣು

ಚಿಕ್ಕಮಾರಯ್ಯ ಮರದಿಂದ ಇಳಿದನೋ ಬಿದ್ದನೋ ಹೇಳುವುದು ಕಷ್ಟ, ಅಂತೂ ಜಾರಿಕೊಂಡು ನೆಲ ಮುಟ್ಟಿದ. ಮುಟ್ಟಿದವನೇ ಅಂಗಿ ಕಿತ್ತೆಸೆದು ಮೈಯನ್ನೆಲ್ಲ ಬಡಿದುಕೊಳ್ಳತೊಡಗಿದ. ಕತ್ತು, ಕಂಕುಳು, ಕಣ್ಣಿನ ರೆಪ್ಪೆ, ಎಲ್ಲಿ ನೋಡಿದರೂ ಕೆಂಜಿಗ. ಎಳೆದರೆ ಇರುವೆಯ ಹಿಂದಿನ ಅರ್ಧ ಮಾತ್ರ ಕೈಗೆ ಬರುತ್ತಿತ್ತು, ತಲೆ ಚರ್ಮ ಕಚ್ಚಿಕೊಂಡು ಅಲ್ಲೇ ಉಳಿಯುತ್ತಿತ್ತು. ಕೆಳಗೆ ಗೋಣಿತಾಟು ಹಾಸಿಕೊಂಡು ನಿಂತಿದ್ದ ಆಳುಗಳು ನಗಲಿಲ್ಲ. ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತಿತ್ತು.

"ಸಾಬ್ರೇ, ಇಂಗಾದ್ರೆ ನಮ್ಮೋರು ಯಾರೂ ಮರ ಅತ್ತಾಕಿಲ್ಲ," ಎಂದ ಚಿಕ್ಕಮಾರಯ್ಯ, ಊದಿಕೊಳ್ಳುತ್ತಿದ್ದ ಕಣ್ಣನ್ನು ಒತ್ತಿಕೊಂಡು. "ಮೇಲಿದ್ದಾಗ ಕಣ್ಣಿಗೆ ಕಚ್ಚಿ ಕೈ ಬುಟ್ರೆ ನನ್ ಎಂಡ್ರು ಮಕ್ಳಿಗೆ ಯಾರ್ ದಿಕ್ಕು? ಗುಡಿಸ್ಲಾಗೆ ಇರುವೆ ಪುಡಿ ಮೂಟೆ ಸುಮ್ಕೆ ಕುಂತೈತೆ. ಗೂಡಿಗೇ ಒಡ್ದ್ ಬುಡವಾ?"

ವಹಾಬ್ ಯಲಹಂಕದ ಕಡೆ ನೋಡಿದ. ಕಾಲವಲ್ಲದ ಕಾಲದಲ್ಲಿ ಅಲ್ಲಿ ಮೋಡ ಕಟ್ಟಿತ್ತು. ಮರದ ಮೇಲಿರುವ ಹುಣಸೆಗೆ ಒಂದು ಮಳೆ ಬಿದ್ದರೂ ಸಾಕು, ಹಣ್ಣು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ, ಯಶವಂತಪುರದ ಮಂಡಿಯಲ್ಲಿ ಅದನ್ನು ಮೂಸಿ ನೋಡುವವರೂ ಇರುವುದಿಲ್ಲ. ಹೆಬ್ಬಾಳ ಕೆರೆಯಾಚೆ ಮುನಿಯಲ್ಲಪ್ಪನವರ ತೋಪನ್ನು ಈ ವರ್ಷ ಅವನು ಗುತ್ತಿಗೆ ಹಿಡಿದಿದ್ದ. ಗಂಗಾನಗರದ ವಹಾಬನೆಂದರೆ ಎಲ್ಲರಿಗೂ ಬೇಕಾದವನು. ಬೇಕಾಗದೆ ಏನು, ಅವನ ಬಾಯಲ್ಲಿ ಇಲ್ಲ ಎಂಬ ಮಾತೇ ಇರಲಿಲ್ಲ. ಕೇಳಿದವರಿಗೆಲ್ಲ ಆಯ್ತು ಎನ್ನುವುದು, ಆಮೇಲೆ ಒಬ್ಬನೇ ಕೂತು ಬೆವರುವುದು, ಇದು ಅವನ ಹಣೆಬರಹ.

ಈ ಸಲದ ಬೆವರು ಅಪ್ಪಾಸಾಹೇಬರಿಗೆ ಕೊಟ್ಟ ಮಾತಿನದು. ಧಾರವಾಡದ ಕಡೆಯಿಂದ ಬಂದು ಕೃಷಿ ಕಾಲೇಜಿನಲ್ಲಿ ಹುಳುಗಳ ಪಾಠ ಹೇಳುತ್ತಿದ್ದ ಅವರು ವಹಾಬನ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದರು. ಹೋದ ತಿಂಗಳು ಒಂದು ಸಂಜೆ ಬ್ಯಾಟರಿಯ ಗಾಜಿಗೆ ಕೆಂಪು ಕಾಗದ ಕಟ್ಟಿಕೊಂಡು ಅವನನ್ನು ಇದೇ ತೋಪಿಗೆ ಕರೆತಂದಿದ್ದರು. ಕೆರೆ ಕಡೆಯ ಮರದಲ್ಲಿ ಎರಡು ಕೆಂಡದಂಥ ಕಣ್ಣು ಕಂಡವು. ಬೆಕ್ಕಿನ ಮರಿಗಿಂತ ಸ್ವಲ್ಪ ದೊಡ್ಡದು, ಕೈಕಾಲು ಕಡ್ಡಿ, ಬಾಲವಿಲ್ಲ. ವಯಸ್ಸಾದವರು ಮೆಟ್ಟಿಲು ಇಳಿಯುವ ಹಾಗೆ ಯೋಚಿಸಿ ಯೋಚಿಸಿ ಒಂದೊಂದೇ ಕೈ ಮುಂದಿಡುತ್ತಿತ್ತು. ಹೊಟ್ಟೆಗೆ ಮರಿಯೊಂದು ಅಂಟಿಕೊಂಡಿತ್ತು. ವಹಾಬ್ ಅದನ್ನು ನೋಡಿ ನಿಜವಾಗಿಯೂ ಕರಗಿಹೋದ.

"ಕಾಡಪಾಪ ಅಂತಾರ ಇದಕ್ಕ," ಎಂದಿದ್ದರು ಅಪ್ಪಾಸಾಹೇಬ, ಪಿಸುದನಿಯಲ್ಲಿ. "ಹುಲಿಗೆ ಯಾವ ಕಾಯ್ದೆ ಐತೋ ಇದಕ್ಕೂ ಅದ ಕಾಯ್ದೆ. ತೋಪು ಕಡದ ಕಡದ ಈ ಕಡೆ ಇದೊಂದ ಸಂಸಾರ ಉಳದೈತಿ ನೋಡ್ರಿ. ಆ ಕೆಂಜಿಗನ ಇದರ ಊಟ. ಪುಡಿ ಹಾಕಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ, ನಿಮ್ಮ ಹೊಟ್ಟಿಪಾಡು ಅದು. ಬುಡಕ್ಕ ಒಂದ ಗೇಣ ಹಾಕ್ರಿ, ಕೆಳಗಿಂದ ಏರೂವು ನಿಲ್ತಾವ. ಮ್ಯಾಲ ಗೂಡಿಗೆ ಮಾತ್ರ ಬ್ಯಾಡ್ರಿ, ವಹಾಬಭಾಯ್."

"ಆಯ್ತು ಸಾರ್. ಖುದಾನ ಆಣೆ," ಎಂದಿದ್ದ ವಹಾಬ್.

ಈಗ ಚಿಕ್ಕಮಾರಯ್ಯನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಉತ್ತರಕ್ಕೆ ಕಾಯುತ್ತಿತ್ತು.

"ಆಯ್ತು," ಎಂದ ವಹಾಬ್. "ಇದೊಂದೇ ಸಲ. ಕೆರೆ ಕಡೆ ಮರಕ್ಕೆ ಬೇಡ ಮತ್ತೆ."

ಅಷ್ಟು ಸಾಕಾಯಿತು. ಹಳೆಯ ಪಂಚೆಯ ತುಂಡಿನಲ್ಲಿ ಬಿ.ಎಚ್.ಸಿ. ಎಂಬ ಹುಳುಮದ್ದಿನ ಪುಡಿಯನ್ನು ಗಂಟು ಕಟ್ಟಿ, ಗಂಟನ್ನು ಉದ್ದನೆಯ ದೋಟಿಯ ತುದಿಗೆ ಬಿಗಿದು, ಒಂದೊಂದು ಗೂಡಿಗೂ ತಟ್ಟಿದರು. ತಟ್ಟಿದ ಹಾಗೆಲ್ಲ ಬೆಳ್ಳಗೆ ಹೊಗೆಯಂತೆ ಉದುರುತ್ತಿತ್ತು. ಹಳೆಯ ಪೆಟ್ಟಿಗೆಯ ಮುಗ್ಗಲು ವಾಸನೆ ತೋಪನ್ನೆಲ್ಲ ತುಂಬಿತು. ಗಾಳಿಗೆ ಯಾರ ಮಾತೂ ಗೊತ್ತಿರಲಿಲ್ಲವಾಗಿ ಪುಡಿ ಕೆರೆ ಕಡೆಯ ಮರಗಳ ಮೇಲೂ ಧಾರಾಳವಾಗಿ ಹೋಗಿ ಕೂತಿತು. ಆಳುಗಳು ಅದೇ ಬಿಳಿ ಕೈಯಲ್ಲಿ ಬೀಡಿ ಹಚ್ಚಿಕೊಂಡರು. ಉದುರಿದ ಇರುವೆಗಳು ಗೋಣಿತಾಟಿನ ಮೇಲೆ ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಸುಮ್ಮನಾದವು.

ಇರುವೆಗಳ ಜೊತೆ ಕಾಯಿಯೂ ಉದುರಿತ್ತು. ಹಣ್ಣೂ ಅಲ್ಲದ ಕಾಯಿಯೂ ಅಲ್ಲದ ಒಳ್ಳೆಯ ದೋರುಗಾಯಿ. ಅದನ್ನು ಕಂಡದ್ದೇ ವಹಾಬನಿಗೆ ಮನೆ ನೆನಪಾಯಿತು. ಹೆಂಡತಿ ಮಲ್ಕಾಳಿಗೆ ಈಗ ಆರು ತಿಂಗಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಎರಡನೆಯದು ಹೋದಾಗ ಅವಳು ವಾರಗಟ್ಟಲೆ ಗೋಡೆ ನೋಡಿಕೊಂಡು ಮಲಗಿದ್ದಳು, ಅವನು ಅಡುಗೆಮನೆಯಲ್ಲಿ ಯಾರಿಗೂ ಕಾಣದಂತೆ ಅತ್ತಿದ್ದ. ಇದು ಮೂರನೆಯದು, ಮೊದಲ ಬಾರಿಗೆ ಇಷ್ಟು ದೂರ ಬಂದದ್ದು. ಹುಣಸೆಗಾಯಿ ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದಳು, ಅವನು ಆಯ್ತು ಎಂದಿದ್ದ. ಗುತ್ತಿಗೆದಾರನ ಹೆಂಡತಿ ಅಂಗಡಿಯಲ್ಲಿ ಹುಣಸೆ ಕೊಳ್ಳುವುದುಂಟೇ. ದಪ್ಪ ದಪ್ಪನೆಯವನ್ನು ಆರಿಸಿ, ಟವಲಿನಿಂದ ಒಂದು ಸಲ ಒರೆಸಿ, ಅದೇ ಟವಲಿನಲ್ಲಿ ಕಟ್ಟಿಕೊಂಡ. ಇರುವೆಗೆಂದು ಹಾಕಿದ್ದು ಇರುವೆಗೆ, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಮಲ್ಕಾ ಬಾಗಿಲಲ್ಲೇ ಗಂಟು ಬಿಚ್ಚಿದಳು. ದೋರುಗಾಯಿ ತಿನ್ನುವುದಕ್ಕೆ ತಟ್ಟೆ ಚಾಕು ಯಾರಿಗೆ ಬೇಕು. ಸಿಪ್ಪೆಯನ್ನು ಹಲ್ಲಿನಿಂದ ಕಟಕ್ಕನೆ ಒಡೆದು, ಒಳಗಿನದನ್ನು ಚೀಪಿ, ಸಿಪ್ಪೆಗೆ ಅಂಟಿದ್ದನ್ನೂ ನೆಕ್ಕಿ, ಹುಳಿಗೆ ಒಂದು ಕಣ್ಣು ಮುಚ್ಚಿದಳು. "ಮರದಿಂದ ಸೀದಾ ತಂದಿದ್ದೀರಿ," ಎಂದಳು ಮನೆಯ ದಖನಿ ಉರ್ದುವಿನಲ್ಲಿ. "ನಾಳೆಯೂ ತನ್ನಿ." ಅವನು ನಾಳೆಯೂ ತಂದ, ಅದರ ಮರುದಿನವೂ ತಂದ. ಅವಳು ಇಷ್ಟಪಟ್ಟು ಏನನ್ನಾದರೂ ತಿನ್ನುತ್ತಿರುವುದನ್ನು ನೋಡುವುದೇ ಅವನಿಗೊಂದು ಹಬ್ಬವಾಗಿತ್ತು.

ಮೋಡ ಮಳೆ ಸುರಿಸದೆ ಹೋಯಿತು. ಕೆಲಸವೂ ಚೆನ್ನಾಗಿ ಸಾಗಿತು, ಯಾರಿಗೂ ಒಂದು ಇರುವೆಯೂ ಕಚ್ಚಲಿಲ್ಲ. ಆದರೆ ತೋಪಿನಲ್ಲಿ ಏನೋ ಸರಿಯಿಲ್ಲವೆಂದು ವಹಾಬನಿಗೆ ಅನ್ನಿಸುತ್ತಿತ್ತು. ಕೊಂಬೆ ಅಲುಗಿಸಿದರೆ ಎದ್ದು ಗಲಾಟೆ ಮಾಡುತ್ತಿದ್ದ ಪಿಕಳಾರ ಹಕ್ಕಿಗಳು ಇರಲಿಲ್ಲ. ಕಾಯಿ ಉದುರುವ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಮನೆಯಲ್ಲಿ ಮಲ್ಕಾ ತಲೆ ಸುತ್ತು ಎಂದಳು, ಬಸುರಿಯರಿಗೆ ಅದೆಲ್ಲ ಇದ್ದದ್ದೇ ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಅವನು ತೋಪಿಗೆ ಬಂದಾಗ ಅಪ್ಪಾಸಾಹೇಬ ಕೆರೆ ಕಡೆಯ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಚಿಕ್ಕಮಾರಯ್ಯ ದೂರದಲ್ಲಿ ಕೈಕಟ್ಟಿ ನಿಂತಿದ್ದ. ತರಗಿನ ಮೇಲೆ ಕಾಡುಪಾಪ ಅಂಗಾತ ಬಿದ್ದಿತ್ತು. ಸತ್ತಿರಲಿಲ್ಲ. ಕಡ್ಡಿ ಕೈಕಾಲು ನಡುಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ನಡುಗುತ್ತಿದ್ದವು. ಬಾಯಲ್ಲಿ ನೊರೆ. ಹೊಟ್ಟೆಗೆ ಅಂಟಿದ ಮರಿ ಮಾತ್ರ ನಡುಗುತ್ತಿರಲಿಲ್ಲ. ಅಪ್ಪಾಸಾಹೇಬ ಅದರ ಬೆರಳುಗಳನ್ನು ತಾಯಿಯ ಕೂದಲಿನಿಂದ ಬಿಡಿಸಲು ನೋಡುತ್ತಿದ್ದರು. ಬೆರಳುಗಳು ಸೆಟೆದಿದ್ದವು, ಬಿಡಲಿಲ್ಲ.

ಬೈದರೆ ಬೈಯಿಸಿಕೊಳ್ಳೋಣವೆಂದು ವಹಾಬ್ ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ.

"ಮರಿ ಏನೂ ತಿಂದಿದ್ದಿಲ್ಲ," ಎಂದರು, ತಮ್ಮಷ್ಟಕ್ಕೆ ಎಂಬಂತೆ. "ತಾಯಿ ತಿಂದಳು. ಇದಕ್ಕ ಮುಟ್ಟಿತು." ಆಮೇಲೆ ಮರದ ಮೇಲೆ ನೋಡಿದರು, ಕಾಯಿಗಳ ಮೇಲೆ ಇನ್ನೂ ಕೂತಿದ್ದ ಬಿಳುಪನ್ನು ನೋಡಿದರು, ಅವರ ಮುಖ ಬದಲಾಯಿತು. "ವಹಾಬಭಾಯ್, ಈ ಕಾಯಿ ಏನರೆ ಮನಿಗೆ ಒಯ್ದೀರೇನು? ಮಲ್ಕಾಬಾಯಿ ಏನರೆ ತಿಂದಾರೇನು?"

"ಇಲ್ಲ," ಎಂದ ವಹಾಬ್.

ಜನ್ಮದಲ್ಲಿ ಬಾರದಿದ್ದ ಮಾತು ಆಗ ಎಷ್ಟು ಸಲೀಸಾಗಿ ಬಂದಿತೆಂದರೆ ಅವನಿಗೇ ಹೆದರಿಕೆಯಾಯಿತು. ಅಪ್ಪಾಸಾಹೇಬ "ಛಲೋ ಆತು" ಎಂದು ಉಸಿರು ಬಿಟ್ಟು ಮತ್ತೆ ಆ ಬೆರಳುಗಳತ್ತ ಬಾಗಿದರು. ವಹಾಬ್ ಸೈಕಲ್ ಹತ್ತಿದ. ಬಳ್ಳಾರಿ ರಸ್ತೆಯ ಲಾರಿಗಳು ಬದಿಗೆ ಸರಿಯೆಂದು ಹಾರನ್ ಬಾರಿಸಿದ್ದು ಅವನಿಗೆ ಕೇಳಿಸಲಿಲ್ಲ.

ಮಲ್ಕಾ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಟವಲು, ಟವಲಿನಲ್ಲಿ ಬರೀ ಸಿಪ್ಪೆ. ಅವನು ಅದನ್ನು ಬಾಚಿ ಮುದುರಿ ಹಿತ್ತಲಿಗೆ ಎಸೆದ. ಅವಳ ಕೈ ಹಿಡಿದೆಳೆದು ಬೆರಳುಗಳನ್ನು ಚೊಂಬಿನ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದ.

"ಕ್ಯಾ ಹುವಾ ಜೀ?" ಎಂದಳು ಮಲ್ಕಾ.

"ಬುರ್ಖಾ ಹಾಕ್ಕೋ. ಆಸ್ಪತ್ರೆಗೆ ಹೋಗೋಣ."

"ತಲೆ ಸುತ್ತಿಗೆ ಯಾರಾದರೂ ಆಸ್ಪತ್ರೆಗೆ ಹೋಗ್ತಾರಾ? ನಾನು ಚೆನ್ನಾಗೇ ಇದ್ದೀನಿ."

"ಮಗು? ಬೆಳಿಗ್ಗೆಯಿಂದ ಒದೀತಾ?"

ಅವಳು ಯೋಚಿಸಿದಳು. ನಿನ್ನೆ ಒದ್ದಿತ್ತು ಎಂದಳು. ಇವತ್ತು ನಿದ್ದೆ ಮಾಡುತ್ತಿರಬೇಕು, ನಿಮ್ಮ ಹಾಗೇ ಸೋಮಾರಿ, ಎಂದು ನಕ್ಕಳು. ಅವನು ನಗದಿದ್ದದ್ದನ್ನು ಕಂಡು ಅವಳ ನಗುವೂ ನಿಂತಿತು. ಅವನ ಒದ್ದೆ ಕೈಯನ್ನು ಹಿಡಿದು ತನ್ನ ಹೊಟ್ಟೆಯ ಎಡಗಡೆಗೆ ಒತ್ತಿ ಇಟ್ಟುಕೊಂಡಳು.

"ಇಲ್ಲೇ ಒದೆಯೋದು ಯಾವಾಗಲೂ," ಎಂದಳು. "ಕೈ ತೆಗೀಬೇಡಿ. ಸ್ವಲ್ಪ ಇರಿ."

ಒಲೆಯ ಮೇಲೆ ಅನ್ನ ಕುದಿದು ಉಕ್ಕಿ ಬೆಂಕಿಗೆ ಸುರಿಯತೊಡಗಿತು. ಇಬ್ಬರೂ ಏಳಲಿಲ್ಲ.